ಇಳಸು ಅಂದ್ರ ಇಳಸೂದು

ಈ ಕಥಿ ಹೇಳೋರು ಭಾಳ ಮಂದಿ ಅದಾರ. ಉಪ್ಪಿಲ್ಲದ ಸಾರು ಬಡಿಸಿದಂಗ ಹೇಳ್ತಾರ. ಅಂಥವರ ಕಡಿಂದ ಕೇಳಿದ್ರ ಮರತು ಬಿಡ್ರಿ. ಸರಿಯಾದ ಕಥಿ ಹಿಂಗೈತಿ.

ಹೊಳಿ ದಂಡಿಗೆ ಒಂದು ಮಠ. ಮಠದಾಗ ನಿರುಪಾದಜ್ಜ.

ಅಜ್ಜ ಅಂದ್ರ ಕಣ್ಣು ಮುಚ್ಚಿ ಸುಮ್ನ ಕುಂದ್ರೂ ಅಜ್ಜ ಅಲ್ಲ. ಇದು ನಗೂ ಅಜ್ಜ. ಅವರು ಒಮ್ಮೆ ನಕ್ಕರ ಆಚಿ ದಂಡ್ಯಾಗ ಮೇಯಾಕ ಹತ್ತಿದ ಎಮ್ಮಿ ತಲಿ ಎತ್ತಿ ನೋಡತಿದ್ವು.

ಮಠಕ್ಕ ಬಂದವರಿಗೆ ಮದಲ ಊಟ, ಆಮ್ಯಾಲೆ ಮಾತು. ಅಡಗಿಮನಿ ಮ್ಯಾಲೆ ದಿಬ್ಬದಾಗ. ಪಂಗ್ತಿ ಕೆಳಗ, ಆಲದ ಮರದ ನೆರಳಾಗ. ನಡುವ ಕಲ್ಲಿನ ಮೆಟ್ಟಲಾ.

ಹುಗ್ಗಿ ಕೊಪ್ಪರಿಗಿ ಎಷ್ಟ ದೊಡ್ಡದು ಅಂದ್ರ, ಅದರಾಗ ಒಂದು ಎಮ್ಮಿ ಕರಾ ಆರಾಮ ಮಲಗಬಹುದು. ಅದರ ಕಡಗಕ್ಕ ಹಗ್ಗ ಕಟ್ಟಬೇಕು, ಹಗ್ಗದಾಗ ಬಿದಿರ ಗಳ ತೂರಿಸಬೇಕು, ಮುಂದೊಬ್ಬ ಹಿಂದೊಬ್ಬ ಗಳಕ್ಕ ಹೆಗಲು ಕೊಟ್ಟು ಮೆಟ್ಟಲಾ ಇಳೀಬೇಕು.

ಹಿಂದಿನವಗ ಕೊಪ್ಪರಿಗಿ ಕಾಣತೈತಿ. ಮುಂದಿನವಗ ಕಾಣಂಗಿಲ್ಲ. ಅವನ ಬೆನ್ನಿಗೆ ಬರೇ ಬಿಸಿ ತಾಗತೈತಿ.

ಅದಕ್ಕ ಮಠದಾಗ ಹಳೇ ಕಟ್ಟು ಒಂದಿತ್ತು.

ಎತ್ತೂಕ್ಕಿಂತ ಮದಲ ಹಿಂದಿನವ ಕೇಳಬೇಕು, "ಹೊರೂಣೇನಪಾ?" ಮುಂದಿನವ "ಹೊರೂಣು" ಅನ್ನೂತನಕ ಎತ್ತೂಹಂಗಿಲ್ಲ.

ಹಾದ್ಯಾಗ ಯಾರರೇ "ಇಳಸು" ಅಂದ್ರ ಇಳಸೂದು. ಯಾಕ, ಏನು, ಎಲ್ಲಾ ಕೊಪ್ಪರಿಗಿ ನೆಲಾ ಮುಟ್ಟಿದ ಮ್ಯಾಲೆ ಕೇಳೂದು.

ಈ ಮಠಕ್ಕ ಚಂಬಣ್ಣ ಬಂದ. ನೇಕಾರರ ಓಣ್ಯಾಗ ಬೆಳದಾಂವ. ಕೈ ಸಣ್ಣವು, ಮನಸು ಮೆತ್ತಗ.

"ಅಜ್ಜಾರ, ನನಗ ಸಹನೆ ಕಲಸ್ರಿ," ಅಂತ ಕಾಲಿಗೆ ಬಿದ್ದ.

"ನಮ್ಮಲ್ಲಿ ಹುಗ್ಗಿ ಐತಿ. ಸಹನೆ ಐತೋ ಇಲ್ಲೋ ಹುಡುಕಿ ನೋಡಬೇಕು. ಹೋಗು, ಅಡಗಿಮನ್ಯಾಗ ಕೆಲಸ ಮಾಡು."

ಅಡಗಿಮನ್ಯಾಗ ಗುದ್ಲೆಪ್ಪ ಇದ್ದ.

ಗುದ್ಲೆಪ್ಪನಂಗ ಹುಗ್ಗಿ ಮಾಡಾಂವ ಈ ಸೀಮ್ಯಾಗ ಹುಟ್ಟಿಲ್ಲ, ಹುಟ್ಟೂದೂ ಇಲ್ಲ. ಈ ಮಾತಿಗೆ ಯಾರೂ ಜಗಳಾ ತಗೀಬ್ಯಾಡ್ರಿ. ಅವನ ಸಿಟ್ಟಿನಂಥ ಸಿಟ್ಟೂ ಎಲ್ಲೂ ಇರಲಿಲ್ಲ.

ಕಟಗಿ ಹಸಿ ಇದ್ರ ಸಿಟ್ಟು. ಬೆಲ್ಲದಾಗ ಒಂದ ಇರುವಿ ಇದ್ರ ಸಿಟ್ಟು. ಹುಗ್ಗಿ ತಿರುವೂ ಕಟಗಿ ಹುಟ್ಟು ಗ್ವಾಡಿಗೆ ಒಗದಾ ಅಂದ್ರ ಗ್ವಾಡಿ ಸುಣ್ಣ ಉದರತಿತ್ತು. ರೊಟ್ಟಿ ಬಡಿಯೂ ನಿಂಬೆವ್ವ ಮದಲ ಬಾಗಲ ಹತ್ರ ಕುಂದರತಿದ್ಲು. ಈಗ ಒಲಿ ಹಿಂದ ಸರದು ಕುಂತಿದ್ಲು.

"ಅಂವ ಹಂಗ ಎಪ್ಪಾ," ಅಂತ ಆಕಿ ಚಂಬಣ್ಣಗ ಹೇಳಿದ್ಲು. "ಅವನ ಸಿಟ್ಟು ಹಾಲು ಉಕ್ಕಿದಂಗ. ಉಕ್ಕತೈತಿ, ಇಳೀತೈತಿ. ಒಳಗ ಬೆಣ್ಣಿ."

ಹಾಲು ಉಕ್ಕಿದ್ರ ಒಲಿ ಮ್ಯಾಲೆ ಬೀಳತೈತಿ, ಇದು ನನ್ನ ಮ್ಯಾಲೆ ಬೀಳತೈತಲ್ಲ ಅಂತ ಚಂಬಣ್ಣಗ ಅನಿಸ್ತು. ಅನ್ನಲಿಲ್ಲ. ಸಹನೆ ಕಲಿಯಾಕ ಬಂದಿದ್ನಲ್ಲ.

ಗಳಕ್ಕ ಅವರಿಬ್ಬರ ಜೋಡಿ. ಗುದ್ಲೆಪ್ಪ ಹಿಂದ, ಚಂಬಣ್ಣ ಮುಂದ.

ಒಂದಿನ ಸಾರಿನ ಕೊಪ್ಪರಿಗಿ ಹೊತ್ತಿದ್ರು. ಮೆಟ್ಟಲಾ ಹಸಿ ಇದ್ವು. ಚಂಬಣ್ಣ ಮೆಲ್ಲಕ ಕಾಲಿಡಾಕ ಹತ್ತಿದ.

"ನಡಿಯಲೇ! ಹೊಸಾ ಮದಿಮಗಳಂಗ ಹೆಜ್ಜಿ ಇಡ್ತಿ!"

"ಜಾರತೈತಣ್ಣಾ."

"ಜಾರತೈತಂತ, ಮಂಗ್ಯಾಗ! ಕೆಳಗ ಮಂದಿ ಹಸದು ಕುಂತೈತಿ!"

ಹಂಗಂದವನ ಗುದ್ಲೆಪ್ಪ ಹಿಂದಿಂದ ಗಳ ಝಾಡಿಸಿಬಿಟ್ಟ.

ಸಾರು ತುಳುಕಿ ಚಂಬಣ್ಣನ ಮೀನಖಂಡಕ್ಕ ಬಿತ್ತು.

"ಇಳಸು" ಅನ್ನೂ ಮಾತು ಅವನ ಗಂಟಲತನಕ ಬಂತು. ನುಂಗಿದ. ಹಲ್ಲು ಕಚ್ಚಿ ಕೆಳಗಿನತನಕ ನಡದ.

ಊಟಾ ಮುಗದ ಮ್ಯಾಲೆ ಗುದ್ಲೆಪ್ಪ ತಾನ ಬಂದು ಅವನ ಎಲಿಗೆ ಹುಗ್ಗಿ ಹಾಕಿ, ಮ್ಯಾಲೆ ತುಪ್ಪ ಸುರುವಿದ.

"ತಿನ್ನೋ ತಮ್ಮಾ. ನನ್ನ ಬಾಯಿ ಹಂಗ. ಮನಸಿನ್ಯಾಗ ಏನೂ ಇಟಗೊಳ್ಳಂಗಿಲ್ಲ ನಾ."

ಚಂಬಣ್ಣ ತಿಂದ. ಹುಗ್ಗಿ ಸಿಹಿ ಇತ್ತು. ಕಾಲು ಉರೀತಿತ್ತು.

ಅವತ್ತಿಂದ ಒಂದು ಹೊಸಾ ರೋಗ ಸುರುವಾತು. ಗುದ್ಲೆಪ್ಪನ ಕಾಲ ಸಪ್ಪಳ ಕೇಳಿದ್ರ ಸಾಕು, ಚಂಬಣ್ಣನ ಎರಡೂ ಹೆಗಲು ತಾವ ಏರಿ ಕಿವಿಗೆ ಹತ್ತತಿದ್ವು. ಊಟಕ್ಕ ಕುಂತ್ರೂ ಏರತಿದ್ವು. ಭಜನಿಗೆ ಕುಂತ್ರೂ ಏರತಿದ್ವು.

"ಏನೋ ಎಪ್ಪಾ, ಚಳಿಗೆ ಕುಂತ ಕೊಕ್ಕರಿ ಆಗೀಯಲ್ಲ!" ಅಂತ ನಿಂಬೆವ್ವ ನಕ್ಕಳು.

ಚಂಬಣ್ಣ ನಗಲಿಲ್ಲ. ಅವತ್ತ ಸಂಜೀಕ ಗಂಟು ಕಟ್ಟಿಟ್ಟ. ಮುಂಜಾನೆ ಎದ್ದಾವನ ಅಜ್ಜಾರನ್ನ ಹುಡಿಕ್ಕೊಂಡು ಹೊಳಿ ದಂಡಿಗೆ ಬಂದ.

ಅಜ್ಜ ಕಲ್ಲಿನ ಮ್ಯಾಲೆ ಕುಂತು ಹುರದ ಶೇಂಗಾ ಬಿಡಿಸಿ ತಿನ್ನಾಕ ಹತ್ತಿದ್ರು.

"ಅಜ್ಜಾರ, ಸಿಟ್ಟಿನ ಮನಷ್ಯಾನ ಜೋಡಿ ಹೆಂಗ ಇರಬೇಕ್ರಿ?"

"ಯಾವ ಮನಷ್ಯಾ?"

"ಯಾರೂ ಅಲ್ರಿ. ಹಂಗ ಸುಮ್ನ ಕೇಳಿದ್ನಿ."

"ಯಾರೂ ಅಲ್ಲದವನ ಜೋಡಿ ಹೆಂಗ ಇದ್ರೂ ನಡೀತೈತಿ. ತಗೋ, ಶೇಂಗಾ ತಿನ್ನು."

ಚಂಬಣ್ಣ ಶೇಂಗಾ ಹಿಡಕೊಂಡು ನಿಂತ. ಅಜ್ಜ ಅವನ ಕಾಲ ಕಡೆ ನೋಡಿದ್ರು.

"ಅದೇನು?"

"ಉಗಿ ಬಡೀತ್ರಿ."

"ಉಗಿ ಮ್ಯಾಲಕ್ಕ ಏರತೈತಿ. ಕೆಳಗ ಇಳದು, ಮೀನಖಂಡ ಹುಡಿಕ್ಕೊಂಡು, ಹಿಂದಿಂದ ಬಂದು ಬಡಿಯೂ ಉಗಿ ಇದೊಂದ ನೋಡು. ಆ ಉಗಿಗೆ ಅವ್ವ ಅಪ್ಪ ಹೆಸರಿಟ್ಟಿಲ್ಲೇನು?"

ಚಂಬಣ್ಣ ಹೊಳಿ ನೋಡಿದ. ಶೇಂಗಾ ನೋಡಿದ.

"ಗುದ್ಲೆಪ್ಪಣ್ಣ ಅಂತಾರ್ರೀ ಅದಕ್ಕ."

ಅಜ್ಜ ಶೇಂಗಾ ಬಿಡಸೂದು ಬಿಟ್ರು.

"ನನಗ್ಯಾಕ ಹೇಳ್ಲಿಲ್ಲ?"

"ಸಹನೆ ಕಲಿಯಾಕ ಬಂದೀನ್ರಿ ನಾ. ಮನಸಿಗೆ ಹೇಳೀನಿ, ಅದು ಕೇಳೇತಿ. ಈ ಹೆಗಲ ಕೇಳವಲ್ವು. ಅಂವ ಬಂದಾ ಅಂದ್ರ ಕಿವಿತನಕ ಏರತಾವ. ಇವನ್ನ ಕೆಳಗ ಕುಂದ್ರಸೂ ಮಂತ್ರ ಇದ್ರ ಹೇಳ್ರಿ."

"ನಮ್ಮ ಮಠದ ನಾಯಿ ಹಾವು ಕಂಡ್ರ ಬೊಗಳತೈತಿ. ಅದರ ಬಾಯಿ ಕಟ್ಟೂಣೇನು?"

"ಛೇ, ಹಾವು ಓಡಸಬೇಕ್ರಿ."

"ನಾಯಿಗೆ?"

"ನಾಯಿಗೆ... ಒಂದ ರೊಟ್ಟಿ ಹೆಚ್ಚಿಗಿ ಹಾಕಬೇಕ್ರಿ."

"ಹಂಗಾರ ಹೆಗಲಿಗೆ ಬೈಬ್ಯಾಡ."

ಚಂಬಣ್ಣಗ ತಡಕೊಳ್ಳಾಕ ಆಗಲಿಲ್ಲ.

"ಅಜ್ಜಾರ, ಒಂದಿನ ಆ ಹುಗ್ಗಿ ಪೂರಾ ನನ್ನ ಬೆನ್ನ ಮ್ಯಾಲೆ ಬೀಳತೈತ್ರಿ. ಬಿತ್ತಂದ್ರ ನಾ ಉಳಿಯಂಗಿಲ್ಲ. ಅದಕ್ಕ ಗಂಟು ಕಟ್ಟೀನಿ. ಆದ್ರ ಹೋಗಾಕೂ ಮನಸಿಲ್ಲ. ಈ ಮಠ ನನಗ ಬೇಕ್ರಿ."

"ಗಂಟಿನ್ಯಾಗ ಏನೈತಿ?"

"ಒಂದು ಧೋತರ, ಒಂದು ತಂಬಗಿ."

"ಗಂಟು ಬಿಚ್ಚಿ ಆ ಧೋತರ ಹೊರಗ ತಗದಿಡು. ಈಗ ಉಟ್ಟಿದ್ದು ಹೆಂಗೂ ತೊಯ್ಯತೈತಿ."

ಗುದ್ಲೆಪ್ಪ ಬೆಲ್ಲ ತರಾಕ ಪ್ಯಾಟಿಗೆ ಹೋಗಿದ್ದ. ಅಜ್ಜ ಅಡಗಿಮನಿ ಮುಂದ ದೊಡ್ಡ ಹಂಡೆ ತರಿಸಿ ಹೊಳಿ ನೀರು ತುಂಬಿಸಿದ್ರು. ಗಳ ತೂರಿಸಿ ತಾವ ಹಿಂದ ನಿಂತ್ರು.

"ಅಜ್ಜಾರ, ನಿಮಗ ವಯಸ್ಸಾಗೇತ್ರಿ!"

"ಈ ಹೆಗಲ ಮ್ಯಾಲೆ ಎತ್ತು ಹೊತ್ತೀನಿ ನಾ. ಕಾಲು ಮುರದ ಎತ್ತು, ಹೊಳಿ ದಾಟಿಸಿ! ನೀ ಮುಂದ ನಿಂದ್ರು. ಹೊರೂಣೇನಪಾ?"

"ಹೊರೂಣ್ರಿ."

ಎತ್ತಿದ್ದ ತಡ, ಹಿಂದ ಅಜ್ಜಾರ ದನಿ ಹೋಗಿ ಗುದ್ಲೆಪ್ಪನ ದನಿ ಬಂತು.

"ನಡಿಯಲೇ ಮಂಗ್ಯಾ! ಆಮಿ ಹೊಟ್ಟ್ಯಾಗ ಹುಟ್ಟೀಯೇನ? ನಿಮ್ಮ ಓಣ್ಯಾಗ ಕಾಲಿಂದ ನಡೀತಾರೋ, ಮೊಣಕಾಲಿಂದ ನಡೀತಾರೋ?"

ಬೈದು ಗಳ ಝಾಡಿಸಿದ್ರು. ಧಬಲ್ ಅಂತ ತಣ್ಣೀರು ಚಂಬಣ್ಣನ ಬೆನ್ನಿಗೆ ಬಿತ್ತು. ಮತ್ತ ಝಾಡಿಸಿದ್ರು. ಮತ್ತ ಬಿತ್ತು. ನಿಂಬೆವ್ವ ಹಿಟ್ಟಿನ ಕೈಯಾಗ ಹೊರಗ ಓಡಿ ಬಂದ್ಲು. ಕಟಗಿ ಒಡಿಯೂ ಸಿದ್ರಾಮ ಕೊಡ್ಲಿ ಬಿಟ್ಟು ಬಂದ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು.

ಚಂಬಣ್ಣ ಮಾತ್ರ ಬಾಯಿ ಬಿಗಿ ಹಿಡದು ಪಂಗ್ತಿ ಜಾಗಾತನಕ ನಡದ. ಹಂಡೆ ಇಳಿಸಿ ನೋಡಿದ್ರ ತಳದಾಗ ಒಂದು ಬೊಗಸಿ ನೀರು.

"ಏನೂ ಅನ್ನಲಿಲ್ಲಲ್ಲಪಾ ನೀ?" ಅಂದ್ರು ಅಜ್ಜ.

"ಸಹನೆ ಅಜ್ಜಾರ."

"ಭಾಳ ಛಲೋ ಆತು. ಪಂಗ್ತಿ ಹಸದು ಕುಂತೈತಿ, ಹುಗ್ಗಿ ಎಲ್ಲಾ ಮೆಟ್ಟಲಕ್ಕ ಹೋತು. ಇನ್ನ ನಿನ್ನ ಸಹನೆ ಬಡಸು."

ಚಂಬಣ್ಣ ಹಂಡೆ ನೋಡಿದ. ನೀರು ಸುರಿಯೂ ತನ್ನ ಧೋತರ ನೋಡಿದ. ಅವನಿಗೂ ನಗು ಬಂತು.

"ತುಂಬು, ಇನ್ನೊಮ್ಮೆ ಹೊರೂಣು," ಅಂದ್ರು ಅಜ್ಜ.

ಎರಡನೇ ಸಲ ಝಾಡಿಸಿದಾಗ ಚಂಬಣ್ಣ ಮೆಲ್ಲಕ ಅಂದ.

"ಇಳಸ್ರಿ."

"ಏನೋ ಗುಯ್ಯಂದಂಗಾತು. ಸೊಳ್ಳಿ ಇರಬೇಕು." ಮತ್ತ ಝಾಡಿಸಿದ್ರು.

"ಅಜ್ಜಾರ, ಇಳಸ್ರಿ!"

"ಹೊಳಿ ಸಪ್ಪಳಕ್ಕ ಏನೂ ಕೇಳವಲ್ದು!"

ಇನ್ನೊಮ್ಮೆ ನೀರು ಕುತಗಿಗೆ ಬಿದ್ದದ್ದ ತಡ, ಚಂಬಣ್ಣನ ಹೊಟ್ಟಿ ಒಳಗಿಂದ ಒಂದು ದನಿ ಬಂತು. ಅಂಥ ದನಿ ತನ್ನಾಗ ಐತಿ ಅನ್ನೂದು ಅವನಿಗ ಗೊತ್ತಿರಲಿಲ್ಲ.

"ಇಳಸು!"

ಆಲದ ಮರದಾಗಿನ ಕಾಗಿ ಎಲ್ಲಾ ಹಾರಿದ್ವು. ಅವು ಹಾರೂಕ್ಕಿಂತ ಮದಲ ಹಂಡೆ ನೆಲಾ ಮುಟ್ಟಿತ್ತು.

ಅಜ್ಜ ಹಂಡೆ ಬಾಜೂಕ ಕುಂತು ಮಳ್ಳರಂಗ ಕೇಳಿದ್ರು, "ಯಾಕಪಾ?"

"ನೀರು ಬೀಳಾಕ ಹತ್ತಿತ್ರಿ. ನನಗ ಬ್ಯಾಡಾಗಿತ್ತು."

"ಮುಗೀತು. ಇದಕ್ಕಿಂತ ದೊಡ್ಡ ಮಾತು ಬೇಕಾಗಿಲ್ಲ."

ಚಂಬಣ್ಣ ನಾಲಿಗಿ ಕಚ್ಚಿಕೊಂಡ. "ತಪ್ಪಾತ್ರಿ. ಗುರುಗಳ ಮ್ಯಾಲೆ ಒದರಿಬಿಟ್ಟೆ."

"ಇನ್ನೊಮ್ಮೆ ಒದರು. ಚಂದ ಇತ್ತು."

ಒದರಿದ. ಹಂಗ ನಾಕ ಸಲ ಆಡಿದ್ರು ಗುರು ಶಿಷ್ಯ. ಸಿದ್ರಾಮನೂ ಗಳಕ್ಕ ಹೆಗಲು ಕೊಟ್ಟು ಒಂದು ಸಲ ಒದರಿ ಹೋದ. ನಿಂಬೆವ್ವನೂ ಒದರಿದ್ಲು, ಗಳ ಮುಟ್ಟದ ನಿಂತಲ್ಲೇ. ಆಕೀದ ಎಲ್ಲಾರಕ್ಕಿಂತ ಜೋರಿತ್ತು.

ಧೋತರ ಹಿಂಡಕೋತ ಚಂಬಣ್ಣ ಕೇಳಿದ.

"ಅಜ್ಜಾರ, ನೀವು ಇಳಿಸಿದ್ರಿ. ಅಂವ ಇಳಸಲಿಲ್ಲ ಅಂದ್ರ?"

"ಇಳಸಂಗಿಲ್ಲ ಅಂತ ಗೊತ್ತಿದ್ದವನ ಜೋಡಿ ಎತ್ತೂದ್ಯಾಕ?"

ಚಂಬಣ್ಣ ಹಿಂಡಿದ ಧೋತರನ ಇನ್ನೊಮ್ಮೆ ಹಿಂಡಿದ.

"ಹೇಳಾಕ ಹೆದರಿಕಿ ಆಗತೈತ್ರಿ."

"ಆಗ್ಲಿ. ಹೆದರಕೋತ ಹೇಳು. ಮಂದಿ ಕಾಣೂ ಜಾಗಾದಾಗ ನಿಂತು ಹೇಳು. ಬಾಗಲಾಗ ನಾ ಇರತೀನಿ."

ಮರುದಿನ ಅಮಾಸಿ. ಹೊಳಿ ದಂಡಿ ತುಂಬ ಮಂದಿ.

ಗುದ್ಲೆಪ್ಪಗ ಮುಂಜಾನಿಂದನ ಸಿಟ್ಟು ಏರಿತ್ತು. ಕಟಗಿ ಹಸಿ. ಒಲಿ ಹೊಗಿ. ತೆಂಗಿನಕಾಯಿ ಒಂದು ಕೆಟ್ಟಿತ್ತು, ಅದನ್ನ ಒಗದ ಹೊಡತಕ್ಕ ಒಂದು ಗಡಗಿ ಒಡೀತು. ನಿಂಬೆವ್ವ ಒಲಿ ಹಿಂದ ಇನ್ನಷ್ಟು ಸರದ್ಲು.

ಆದ್ರ ಹುಗ್ಗಿ ಮಾತ್ರ ಏನಿತ್ತಂತೀರಿ! ವಾಸನಿಗೇ ಪಂಗ್ತ್ಯಾಗಿನ ಮಂದಿ ಎದ್ದೆದ್ದು ಕುಂದರತಿತ್ತು.

ಗಳ ತೂರಿಸಿದ್ರು. ಗುದ್ಲೆಪ್ಪ ಕೈಯಾಗಿನ ಹುಟ್ಟು ಸಮೇತ ಹಿಂದ ನಿಂತ.

"ಹೊರೂಣೇನಲೇ?"

ಚಂಬಣ್ಣ ಗಳದ ಹತ್ರ ನಿಂತಿದ್ದ. ಹೆಗಲ ಕಿವಿಗೆ ಹತ್ತಿದ್ವು.

"ಇಲ್ಲ," ಅಂದ.

"ಏನಂದಿ?"

"ಹೊರಂಗಿಲ್ಲಣ್ಣಾ. ಸಿಟ್ಟು ಬಂದಾಗ ನೀ ಗಳ ಝಾಡಸ್ತಿ. ನನ್ನ ಕಾಲು ಸುಟ್ಟೈತಿ. ನೀ ಸಿಟ್ಟಿನ್ಯಾಗ ಇರೂತನಕ ನಿನ್ನ ಮುಂದ ನಾ ಹೆಗಲು ಕೊಡಂಗಿಲ್ಲ."

ಕೊಪ್ಪರಿಗ್ಯಾಗ ಹುಗ್ಗಿ ಬುಳುಕ್ ಬುಳುಕ್ ಅಂತಿತ್ತು.

"ನನಗ ಎದರ ಮಾತಾಡ್ತಿ? ನನಗ!" ಗುದ್ಲೆಪ್ಪನ ಹುಟ್ಟು ತಲಿ ಮ್ಯಾಲಕ್ಕ ಏರಿತು.

ಚಂಬಣ್ಣ ಅಲ್ಲೇ ನಿಂದ್ರಲಿಲ್ಲ. ಹಿಂದ ಹಿಂದ ಸರದು ಬಾಗಲ ಹೊಚ್ಚಲಾ ದಾಟಿ, ಎಲ್ಲಾರೂ ಕಾಣೂ ಅಂಗಳಕ್ಕ ಬಂದ. ಅಲ್ಲಿಂದ ನಿನ್ನಿನ ದನಿ ತಗದ.

"ಇಳಸು!"

ಗುದ್ಲೆಪ್ಪನ ಕೈ ಅಲ್ಲೇ ನಿಂತಿತು.

"ಇಳಸು ಗುದ್ಲೆಪ್ಪಾ," ಅಂತ ಒಲಿ ಹಿಂದಿಂದ ನಿಂಬೆವ್ವ ಎದ್ದು ನಿಂತ್ಲು.

"ಇಳಸಣ್ಣಾ," ಅಂದ ಸಿದ್ರಾಮ.

"ಇಳಸು," ಅಂದ್ರು ಬಾಗಲಾಗಿಂದ ಅಜ್ಜ. ಜೋರಾಗಿ ಅನ್ನಲಿಲ್ಲ.

ಹುಟ್ಟು ಕೆಳಗ ಬಂತು.

ಗುದ್ಲೆಪ್ಪ ಇಳಿಸಿದ್ದಲ್ಲ, ಕೈ ತಾನ ಇಳೀತು. ಹುಡುಗ ಇದ್ದಾಗಿಂದ ಗಳ ಹೊತ್ತ ಮೈ ಅದು. ಆ ಮಾತು ಕೇಳಿದ್ರ ಇಳಸೂದು ಅದಕ್ಕ ರೂಢಿ. ಅಂವ ತನ್ನ ಕೈನ ತಾನ ಹೊಸದಾಗಿ ನೋಡಿದಂಗ ನೋಡಿದ.

ಆದ್ರೂ ಸೊಕ್ಕು ಎಲ್ಲಿ ಹೋಗಬೇಕು?

"ಯಾರೂ ಬರಬ್ಯಾಡ್ರಿ! ನಾ ಒಬ್ಬನ ಹೊರತೀನಿ!"

ಹಿಂದ ಹೋಗಿ ಗಳ ಎತ್ತಿದ. ಮುಂದಿನ ತುದಿ ನೆಲಾ ಕೆರೀತು. ಮುಂದ ಬಂದು ಎತ್ತಿದ. ಹಿಂದಿನ ತುದಿ ನೆಲಾ ಕೆರೀತು. ನಡುವ ತಲಿ ತೂರಸಾಕ ನೋಡಿದ, ಅಲ್ಲಿ ಕೊಪ್ಪರಿಗಿ ಇತ್ತು. ಎರಡ ಹೆಗಲಿನ ಗಳ ಅದು, ಒಂದ ಹೆಗಲಿಗೆ ಹೆಂಗ ಬಂದೀತು?

ನಿಂಬೆವ್ವ ಸೆರಗು ಬಾಯಿಗೆ ಇಟಗೊಂಡ್ಲು.

ಅಜ್ಜ ಒಂದು ಎಲಿ ತಗೊಂಡು ಬಂದು ಅಡಗಿಮನಿ ನೆಲದ ಮ್ಯಾಲೆ, ಕೊಪ್ಪರಿಗಿ ಮುಂದ ಚಕ್ಳಂಬಕ್ಳ ಹಾಕಿ ಕುಂತ್ರು.

"ಕೊಪ್ಪರಿಗಿ ಪಂಗ್ತಿಗೆ ಬರಲಿಲ್ಲಂದ್ರ ಏನಾತು, ಪಂಗ್ತಿನ ಕೊಪ್ಪರಿಗಿಗೆ ಬರತೈತಿ. ಕರೀರಿ ಎಲ್ಲಾರನ್ನ!"

ಬಂತು ನೋಡ್ರಿ ಮಂದಿ! ಎಲಿ ಕೈಯಾಗ ಹಿಡಕೊಂಡು, ಮಕ್ಕಳನ್ನ ಬಗಲಾಗ ಎತಗೊಂಡು ಮೆಟ್ಟಲಾ ಹತ್ತಿ ಬಂತು. ಅಡಗಿಮನಿ ತುಂಬಿತು, ಅಂಗಳ ತುಂಬಿತು. ಕೆಲವರು ಕಟಗಿ ಒಟ್ಟಲದ ಮ್ಯಾಲೆ ಕುಂತ್ರು. ಒಬ್ಬ ಮುದುಕ ರೊಟ್ಟಿ ಬುಟ್ಟಿಗೆ ಬೆನ್ನು ಹಚ್ಚಿ ಕುಂತು, "ಇಲ್ಲಿಂದ ನನ್ನ ಎಬ್ಬಸಬ್ಯಾಡ್ರಿ," ಅಂದ.

ಚಂಬಣ್ಣ ರೊಟ್ಟಿ ಹಾಕಿದ. ಗುದ್ಲೆಪ್ಪ ಹುಗ್ಗಿ ಬಡಿಸಿದ. ಬಡಿಸದ ಏನ್ ಮಾಡ್ಯಾನು? ಕಾಲ ಹತ್ರ ಮಂದಿ, ಒಲಿ ಹತ್ರ ಮಂದಿ. ಹುಟ್ಟು ಒಗ್ಯಾಕ ಒಂದು ಗೇಣು ಗ್ವಾಡಿ ಖಾಲಿ ಇರಲಿಲ್ಲ.

"ಹುಗ್ಗಿ ನೀ ಮಾಡಿದ್ದೇನೋ ಮಗನ?" ಅಂತ ಒಬ್ಬಾಕಿ ಮುದಕಿ ಅವನ ಕೈ ಹಿಡಕೊಂಡ್ಲು. "ಈ ಮಠದಾಗ ಇಷ್ಟ ಬಿಸಿ ಹುಗ್ಗಿ ಇವತ್ತ ತಿಂದೆ ನೋಡು. ನಿನ್ನ ಮಾರಿ ನೋಡಿದ್ದೂ ಇವತ್ತ."

ಗುದ್ಲೆಪ್ಪ ಆಕಿಗೆ ಇನ್ನೊಂದು ಸೌಟು ಹಾಕಿದ.

ಮಂದಿ ಹೋದ ಮ್ಯಾಲೆ ಅಂವ ಅಜ್ಜಾರ ಮುಂದ ತಲಿ ತಗ್ಗಿಸಿ ನಿಂತ. ಚಂಬಣ್ಣ ದೂರ ಕುಂತು ಕೊಪ್ಪರಿಗಿ ತಿಕ್ಕಾಕ ಹತ್ತಿದ್ದ. ಕಿವಿ ಮಾತ್ರ ಇಲ್ಲೇ ಇತ್ತು.

"ಅಜ್ಜಾರ, ನನ್ನ ಸಿಟ್ಟು ಹಾಲು ಉಕ್ಕಿದಂಗ್ರಿ. ಉಕ್ಕತೈತಿ, ಇಳೀತೈತಿ. ಇದು ಎಲ್ಲಾರಿಗೂ ಗೊತ್ತೈತಿ."

"ಹಾಲು ಒಲಿ ಮ್ಯಾಲೆ ಇಟ್ರ ಒಬ್ರು ಕಾಯಕೋತ ಕುಂದ್ರಬೇಕು. ನಿನ್ನ ಮುಂದ ಇಡೀ ಅಡಗಿಮನಿ ಕಾಯಕೋತ ಕುಂತೈತಿ. ಬ್ಯಾರೆ ಕೆಲಸಿಲ್ಲೇನು ಅವರಿಗೆ?"

"ಇಷ್ಟ ದಿನ ಯಾರೂ ಅನ್ನಲಿಲ್ಲಲ್ರಿ. ನೀವೂ ಅನ್ನಲಿಲ್ಲ."

"ಹೆಂಗ ಅನ್ನಲಿ? ಬಾಯಿ ತುಂಬ ನಿನ್ನ ಹುಗ್ಗಿ ಇತ್ತು," ಅಂದ್ರು ಅಜ್ಜ. ಈ ಸಲ ನಗಲಿಲ್ಲ. "ಈಗ ನುಂಗೀನಿ. ಕೇಳು. ಇವತ್ತಿಂದ ನೀ ಬಿಸಿ ಗಳ ಹೊರಂಗಿಲ್ಲ, ಚಂಬಣ್ಣನ ಜೋಡಿ ಸಿದ್ರಾಮ ಹೊರತಾನ. ಹುಟ್ಟು ಒಗದ ದಿನ ನೀ ಒಲಿ ಮುಂದ ನಿಂದ್ರಂಗಿಲ್ಲ. ಹುಗ್ಗಿ ಸಪ್ಪಗ ಆದ್ರ ಸಪ್ಪಂದ ತಿಂತೀವಿ."

"ನಾ ಏನ್ ಹೊರಬೇಕ್ರಿ ಮತ್ತ?"

"ನೀರು. ನನ್ನ ಜೋಡಿ."

ಗುದ್ಲೆಪ್ಪ ಹಗೂರಕಿನ ಕೆಲಸ ಅಂದಕೊಂಡ. ಅಲ್ಲೇ ಸಿಕ್ಕಬಿದ್ದ ಮಗ!

ಅಜ್ಜ ಮುಂದ, ಗುದ್ಲೆಪ್ಪ ಹಿಂದ. ಹೊಳಿಯಿಂದ ಹಂಡೆ ಎತ್ತಿ ಒಂದು ಮೆಟ್ಟಲಾ ಹತ್ತಿದ್ರಿಲ್ಲೋ, "ಇಳಸು."

ಇಳಿಸಿದ.

"ಯಾಕ್ರಿ ಅಜ್ಜಾರ?"

"ಮಿಂಚುಳ್ಳಿ ಹಾರಿತು. ನೋಡಿದಿಲ್ಲೋ?"

ಎತ್ತಿದ್ರು. ಇನ್ನೊಂದು ಮೆಟ್ಟಲಾ.

"ಇಳಸು."

"ಈಗ್ಯಾಕ್ರಿ?"

"ಮೂಗು ಕಡೀತು."

ಅಡಗಿಮನಿ ಮುಟ್ಟೂದ್ರಾಗ ಬಿಸಲು ನೆತ್ತಿಗೆ ಬಂದಿತ್ತು. ಗುದ್ಲೆಪ್ಪನ ಮಾರಿ ಕಾದ ಹಂಚಾಗಿತ್ತು. ಆದ್ರ ಇಳಸು ಅಂದ್ರ ಇಳಸೂದು, ಕಟ್ಟು ಅಂದ್ರ ಕಟ್ಟು. ನಿಂಬೆವ್ವ ದಿನಾ ರೊಟ್ಟಿ ಲಗೂನ ಮುಗಿಸಿ ಇದನ್ನ ನೋಡಾಕ ಬಂದು ಕುಂದರತಿದ್ಲು. ಈಗ ಒಲಿ ಹಿಂದ ಅಲ್ಲ, ಬಾಗಲಾಗ.

ಮಳಿಗಾಲ ಬಂತು, ಹೊಳಿ ತುಂಬಿತು, ಹೊಳಿ ಇಳೀತು. ನಡುವ ಒಂದಿನ ಗುದ್ಲೆಪ್ಪ ಹುಟ್ಟು ಒಗದ. ಅವತ್ತ ಮಠದ ಮಂದಿ ಎಲ್ಲಾ ಬ್ಯಾರೆಯವರು ಮಾಡಿದ ಸಪ್ಪನ ಹುಗ್ಗಿ ತಿಂತು, ಅಜ್ಜನೂ ತಿಂದ್ರು. ಗುದ್ಲೆಪ್ಪ ಒಂದು ತುತ್ತು ಬಾಯಾಗ ಇಟಗೊಂಡು ಕಣ್ಣಾಗ ನೀರು ತಂದ. ಅಡಗಿ ಹಂಗಿತ್ತು.

ಆಮ್ಯಾಲೆ ಸಿಟ್ಟು ಬಂದ್ರ ಅಂವ ಹುಟ್ಟು ತಾನ ಒಲಿ ಕಟ್ಟಿ ಮ್ಯಾಲೆ ಇಟ್ಟು ಹೊಳಿಗೆ ಹೋಗತಿದ್ದ. ಮೊಣಕಾಲತನಕ ನೀರಾಗ ನಿಂತು ಹೊಳಿಗೆ ಬೈದು ಬರತಿದ್ದ. ಹೊಳಿ ಏನೂ ತಿಳಕೊಳ್ಳಲಿಲ್ಲ.

ಒಂದಿನ ಅಂವ ಚಂಬಣ್ಣನ ಹತ್ರ ಬಂದು, ದೂರ ನಿಂತು ಅಂದ.

"ತಮ್ಮಾ, ನಿನ್ನ ಕಾಲು ತೋರಸ್ತಿಯೇನು?"

ಚಂಬಣ್ಣ ಧೋತರ ಮ್ಯಾಲೆ ಸರಿಸಿದ. ಸುಟ್ಟ ಕಲಿ ಉಳದಿತ್ತು. ಗುದ್ಲೆಪ್ಪ ಬಗ್ಗಿ ನೋಡಿದ. ಅವತ್ತ ಎಲಿಗೆ ತುಪ್ಪ ಸುರುವಿದ್ದ, ಆದ್ರ ಇಷ್ಟ ದಿನ ಈ ಕಾಲು ನೋಡಿರಲಿಲ್ಲ.

"ಇದು ನಾ ಮಾಡಿದ್ದು," ಅಂದ. ಬಾಯಿ ಹಂಗ, ಮನಸು ಹಿಂಗ ಅನ್ನಲಿಲ್ಲ. ಹೋದ.

ಮತ್ತೊಂದು ಅಮಾಸಿ ಬಂತು. ಸಿದ್ರಾಮ ಮಗಳ ಊರಿಗೆ ಹೋಗಿದ್ದ. ಕೊಪ್ಪರಿಗಿ ತುಂಬ ಹುಗ್ಗಿ, ಕೆಳಗ ಪಂಗ್ತಿ. ಚಂಬಣ್ಣ ಗಳದ ಮುಂದಿನ ತುದ್ಯಾಗ ಒಬ್ಬನ ನಿಂತಿದ್ದ.

ಹಿಂದ ಗುದ್ಲೆಪ್ಪ ಬಂದು ನಿಂತ. ಗಳ ಮುಟ್ಟಲಿಲ್ಲ.

"ಹೊರೂಣೇನಪಾ ಚಂಬಣ್ಣಾ?" ಅಂದ. ದನಿ ಸಣ್ಣದಿತ್ತು. "ಬ್ಯಾಡಂದ್ರ ಬ್ಯಾಡ. ಮಂದೀನ ಮ್ಯಾಲೆ ಕರದು ಇಲ್ಲೇ ಎಲಿ ಹಾಕಸ್ತೀನಿ."

ಚಂಬಣ್ಣ ತಿರುಗಿ ಬಾಗಲ ಕಡೆ ನೋಡಿದ. ಅಜ್ಜ ಹೊಚ್ಚಲಾ ಮ್ಯಾಲೆ ಕುಂತು ಶೇಂಗಾ ಬಿಡಸಾಕ ಹತ್ತಿದ್ರು.

"ಅಜ್ಜಾರ, ಏನನ್ಲಿ?"

ಅಜ್ಜ ಒಂದು ಶೇಂಗಾ ಬಾಯಿಗೆ ಒಗಕೊಂಡ್ರು.

"ನನ್ನ ಯಾಕ ನೋಡ್ತಿ? ಹೆಗಲಿಗೆ ಕೇಳು."